ಬಿಪಿ ಮೆಷಿನ್‌ಗೆ ಹಾಕಿದ ಸೆಲ್ ಇಷ್ಟು ಬೇಗ ಯಾಕೆ ಖಾಲಿ ಆಗುತ್ತೆ?

ಹಾಸನದ ಸೊಸೆ:
ಅತ್ತೆಗೆ ದಿನಾ ಬೆಳಗ್ಗೆ ಸಂಜೆ ಬಿಪಿ ನೋಡ್ಬೇಕು, ಮೆಷಿನ್‌ಗೆ ಎಎ ಸೈಜಿನ ನಾಲ್ಕು ಸೆಲ್ ಹಾಕ್ತೀವಿ, ಎರಡು ತಿಂಗಳೂ ಬರಲ್ಲ. ಅದೇ ಅಂಗಡಿಯ ಅದೇ ಸೆಲ್ ಗೋಡೆ ಗಡಿಯಾರದಲ್ಲಿ ವರ್ಷ ದಾಟಿದ್ರೂ ಓಡ್ತಿದೆ. ಮೆಷಿನ್ ಕೆಟ್ಟಿದ್ಯಾ ಇಲ್ಲಾ ಸೆಲ್ಲೇ ಡೂಪ್ಲಿಕೇಟಾ? ಫ್ರಿಜ್ಜಲ್ಲಿಟ್ರೆ ಜಾಸ್ತಿ ಬಾಳಿಕೆ ಬರುತ್ತೆ ಅಂತಾರಲ್ಲ, ನಿಜನಾ?

ರೇಡಿಯೋ ಮೇಷ್ಟ್ರು:
ಎರಡೂ ಸರಿಯಾಗೇ ಇರ್ಬಹುದು ಮೇಡಂ. ನೀವು ಹಾಕ್ತಿರೋದು ಬಹುಶಃ ಕಮ್ಮಿ ರೇಟಿನ ಜಿಂಕ್ ಕಾರ್ಬನ್ ಸೆಲ್. ಗಡಿಯಾರ ಎಳೆಯೋದು ಸರಾಸರಿ ಒಂದು ಮಿಲಿ ಆಂಪಿಯರ್‌ಗಿಂತಲೂ ಕಮ್ಮಿ ಕರೆಂಟು, ಆದ್ರೆ ಬಿಪಿ ಮೆಷಿನ್ನಲ್ಲಿ ಪಟ್ಟಿಗೆ ಗಾಳಿ ತುಂಬೋಕೆ ಮೋಟರ್ ಓಡ್ಬೇಕಲ್ಲ, ಅದು ನೂರಾರು ಮಿಲಿ ಆಂಪಿಯರ್ ಕೇಳುತ್ತೆ, ಅಷ್ಟು ಎಳೆದಾಗ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್‌ನಿಂದ (ಅಂದ್ರೆ ಕರೆಂಟಿಗೆ ಇರೋ ತಡೆಯಿಂದ) ವೋಲ್ಟೇಜ್ ಕುಸಿದು, ಇನ್ನೂ ಚಾರ್ಜ್ ಉಳಿದಿದ್ರೂ ಮೆಷಿನ್ನು ಖಾಲಿ ಅಂತ ತೋರಿಸುತ್ತೆ. ಆಲ್ಕಲೈನ್ ಅಂತ ಬರೆದಿರೋ ಸೆಲ್ ಹಾಕಿ. ನಿಧಾನಕ್ಕೆ ಬಳಸಿದ್ರೆ ಎಎ ಆಲ್ಕಲೈನಲ್ಲಿ 2,000 ಮಿಲಿ ಆಂಪಿಯರ್ ಅವರ್ (ಸೆಲ್ಲಿಂದ ಸಿಗೋ ಒಟ್ಟು ಚಾರ್ಜಿನ ಅಳತೆ) ಮೇಲೆ ಸಿಗುತ್ತೆ, ಜಿಂಕ್ ಕಾರ್ಬನ್ನಲ್ಲಿ ಅದರ ಅರ್ಧ ಸಿಕ್ರೆ ಹೆಚ್ಚು. ಜೋರಾಗಿ ಎಳೆದಾಗ ಎರಡೂ ಇಳಿಯುತ್ತೆ, ಜಿಂಕ್ ಕಾರ್ಬನ್ ಅಂತೂ ತುಂಬಾನೇ ಇಳಿಯುತ್ತೆ. ಮತ್ತೆ ಬಿಪಿ ಮೆಷಿನ್‌ಗೆ ಸಾಲದ ಸೆಲ್ಲನ್ನ ಬಿಸಾಡ್ಬೇಡಿ, ಗಡಿಯಾರಕ್ಕೆ ಹಾಕಿ, ಅಲ್ಲಿ ಇನ್ನೂ ತಿಂಗಳುಗಟ್ಟಲೆ ಓಡುತ್ತೆ.

ರಾಯಚೂರು ಬಿಸಿಲು:
ಫ್ರಿಜ್ಜಿನಾಗ ಇಡಬ್ಯಾಡ್ರಿ ಅಕ್ಕಾರ. ಹೊರಗ ತೆಗದ ಕೂಡ್ಲೆ ನೀರಿನ ಹನಿ ಕೂಡ್ತಾವ, ತುಕ್ಕು ಹಿಡಿತದ. ಆಲ್ಕಲೈನ್ ಸೆಲ್ 20 ಡಿಗ್ರಿ ಆಸುಪಾಸಿನಾಗ ಸುಮ್ನ ಇಟ್ರೂ ವರ್ಷಕ್ಕ ಶೇ. 2–3 ಅಷ್ಟ ಇಳಿತದ. ಬಿಸಿಲಿಗೆ ಮಾತ್ರ ಹುಷಾರ್ ಇರಬೇಕು, ತಗಡಿನ ಶೆಡ್ಡು, ಕಾರಿನ ಡ್ಯಾಶ್‌ಬೋರ್ಡು, ಇಂಥಲ್ಲಿ ಇಟ್ರ ಲಗೂನ ಹಾಳಾಗ್ತಾವ. ತಗೊಳ್ಳುವಾಗ ಪ್ಯಾಕೆಟ್ ಮ್ಯಾಲಿನ ತಾರೀಖು ನೋಡ್ರಿ, ಜಿಂಕ್ ಕಾರ್ಬನ್ ಆದ್ರಂತೂ ನೋಡಲೇಬೇಕು, ಅಂಗಡಿಯಾಗ ಕುಂತು ಕುಂತೇ ಹಳೇದಾಗಿರ್ತಾವ.

ಹಾಸನದ ಸೊಸೆ:
ಥ್ಯಾಂಕ್ಸ್ ಇಬ್ಬರಿಗೂ. ನಾಲ್ಕರಲ್ಲಿ ಒಂದೇ ವೀಕ್ ಆಗಿದ್ರೆ ಅದೊಂದನ್ನೇ ಬದಲಾಯಿಸ್ಬಹುದಾ?

ರೇಡಿಯೋ ಮೇಷ್ಟ್ರು:
ಬೇಡ, ನಾಲ್ಕೂ ಒಟ್ಟಿಗೆ ಬದಲಾಯಿಸಿ, ಒಂದೇ ಕಂಪನಿ, ಒಂದೇ ಟೈಪು. ಸೆಲ್‌ಗಳು ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಸೇರಿಕೊಂಡು ಇರೋದ್ರಿಂದ ಹೊಸವು ಹಳೇ ಸೆಲ್ಲನ್ನ ಪೂರ್ತಿ ಖಾಲಿ ಮಾಡಿ ಉಲ್ಟಾ ದಿಕ್ಕಿಗೆ ತಳ್ಳುತ್ತೆ, ಆಗ ಒಳಗೆ ಗ್ಯಾಸ್ ತುಂಬಿ ಲೀಕ್ ಆಗುತ್ತೆ. ಆಲ್ಕಲೈನ್ ಸೋರಿದ್ರೆ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಾಣುತ್ತೆ, ಬರಿಗೈಲಿ ಮುಟ್ಬೇಡಿ, ಗ್ಲೌಸ್ ಹಾಕಿ ವಿನೆಗರ್ ಇಲ್ಲಾ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಊರಿಗೆ ಹೋಗಿ ವಾರಗಟ್ಟಲೆ ಮೆಷಿನ್ ಬಳಸಲ್ಲ ಅಂದ್ರೆ ಸೆಲ್ ತೆಗೆದಿಡಿ. ದಿನಾ ಎರಡು ಸಲ ಅಂದ್ರಲ್ಲ, ಮೆಷಿನ್ ಪಕ್ಕದಲ್ಲಿ ಅಡಾಪ್ಟರ್ ಪಿನ್ ಹಾಕೋ ಜಾಗ ಇದ್ಯಾ ನೋಡಿ, ಇದ್ರೆ ಅದೇ ಮಾಡೆಲ್‌ಗೆ ಕಂಪನಿ ಹೇಳಿರೋ ಅಡಾಪ್ಟರ್ ತಗೊಳ್ಳಿ, ಕರೆಂಟ್ ಹೋದಾಗ ಮಾತ್ರ ಸೆಲ್ ಸಾಕು.