ಸಹಾಯ ಬೇಕು: ಮಳೆಗಾಲದ ಸಂಗೀತ ಸಂಜೆಗೆ ಜಾಗ, ಮೈಕ್

ತೀರ್ಥಹಳ್ಳಿ ಕಡೆ ನಾವು ನಾಲ್ಕೈದು ಜನ ಸೇರಿ ತಿಂಗಳಿಗೊಂದು ಸಂಜೆ ಊರಿನವರದೇ ಸಂಗೀತ ಇಟ್ಟುಕೊಂಡಿದ್ದೇವೆ. ಒಮ್ಮೆ ಯಕ್ಷಗಾನದ ಹಾಡುಗಾರಿಕೆ, ಒಮ್ಮೆ ಹಿಂದೂಸ್ತಾನಿ, ಒಮ್ಮೆ ಕಾಲೇಜು ಹುಡುಗರ ಗಿಟಾರ್. ಟಿಕೆಟ್ ಇಲ್ಲ, ಕೊನೆಗೆ ಕಷಾಯ ಉಂಟು.

ತೊಂದರೆ ಮಳೆಯದ್ದು. ಕಳೆದ ಸಲ ತಗಡಿನ ಶೀಟಿನ ಕೆಳಗೆ ಕೂತಿದ್ದೆವು. ಮಳೆ ಹೊಡೆದ ಸದ್ದಿಗೆ ಹಾಡು ಕೇಳಲೇ ಇಲ್ಲ. ಥಂಡಿಗೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯಿತು. ಪಾಪ, ಮದ್ದಳೆಯವರು ಪ್ರತಿ ಪದ್ಯಕ್ಕೂ ಬಿಗಿ ಮಾಡುತ್ತಾ ಕೂತರು. ಮುಂದಿನದು ಡೊಳ್ಳು! ಅದಕ್ಕೆ ಮೈಕೇ ಬೇಡ ಅನ್ನಿ, ಆದರೆ ಅದೇ ದಿನ ಕೊಳಲೂ ಇದೆಯಲ್ವಾ.

ಹೆಂಚಿನ ಮಾಡಿನ, ನೂರು ಜನ ಹಿಡಿಸುವ ಜಾಗ ಯಾರಿಗಾದರೂ ಗೊತ್ತಾ? ಅಡಿಕೆ ಗೋದಾಮಾದರೂ ಸರಿ. ಮಿಕ್ಸರ್, ಎರಡು ಮೈಕ್ ಒಂದು ಸಂಜೆಗೆ ಕೊಡುವವರಿದ್ದರೆ ತಿಳಿಸಿ. ಬಾಡಿಗೆ ಜಾಸ್ತಿ ಕೊಡಲಾಗದು, ಆದರೆ ಒದ್ದೆಯಾಗದಂತೆ ವಾಪಸ್ ಮುಟ್ಟಿಸುತ್ತೇವೆ.