ಬಂದರಿನ ಪಕ್ಕದ ಮನೆಗೆ ಎಂಥ ಕಂಪ್ಯೂಟರ್ ಕ್ಯಾಬಿನೆಟ್ ಕೊಳ್ಳಬೇಕು? ಫ್ಯಾನ್, ಕೂಲರ್, ಮುಂಭಾಗದ ಪೋರ್ಟುಗಳ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಸಡಾ ನಿವಾಸಿ, ವಾಸ್ಕೊ

ಎಲ್ಲರಿಗೂ ನಮಸ್ಕಾರ. ಗೋವೆಯ ವಾಸ್ಕೊದಲ್ಲಿ, ಮುರಗಾಂವ ಬಂದರಿಗೆ ಹತ್ತಿರದ ಹೆಡ್‌ಲ್ಯಾಂಡ್ ಸಡಾದಲ್ಲಿ ನಮ್ಮ ಮನೆಯಿದೆ. ವಿಜಾಪುರ, ಗದಗ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಕುಟುಂಬಗಳಲ್ಲಿ ಉಳಿದಿರುವ ಗೀಗೀ ಪದ, ತತ್ವಪದ, ದೊಡ್ಡಾಟಗಳ ಕ್ಯಾಸೆಟ್ ಹಾಗೂ ಡಿವಿಡಿಗಳನ್ನು ಕಂಪ್ಯೂಟರಿಗೆ ಇಳಿಸಿ ಜೋಪಾನ ಮಾಡುವ ಕೆಲಸವನ್ನು ಕೈಗೆತ್ತಿಕೊಂಡಿದ್ದೇನೆ. ಹಿರಿಯರನ್ನು ಕೂರಿಸಿಕೊಂಡು ಹಾಡಿಸಿ, ಅದೇ ಕೋಣೆಯಲ್ಲಿ ಧ್ವನಿಮುದ್ರಣ ಮಾಡುವುದೂ ಇದೆ. ಇದಕ್ಕೆಂದು ರೈಜನ್ 5 7600 ಪ್ರೊಸೆಸರನ್ನೂ ಮೈಕ್ರೋ ಎಟಿಎಕ್ಸ್ ಎಂಬ ಮಧ್ಯಮ ಅಳತೆಯ ಬಿ650 ಮದರ್‌ಬೋರ್ಡನ್ನೂ (ಎಲ್ಲ ಭಾಗಗಳು ಕೂರುವ ಮುಖ್ಯ ಫಲಕ) ಕೊಂಡಿದ್ದೇನೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವುದಿಲ್ಲ.

ಹಳೆಯ ಯಂತ್ರದ ಸ್ಥಿತಿಯನ್ನು ಹೇಳಿದರೆ ನನ್ನ ಚಿಂತೆ ತಮಗೆ ಅರ್ಥವಾದೀತು. ಪಕ್ಕದ ಬಾಗಿಲು ಬಿಚ್ಚಿದರೆ ಫ್ಯಾನಿನ ರೆಕ್ಕೆಗಳ ಅಂಚಿನಲ್ಲಿ ಕಪ್ಪು ಧೂಳು ದಪ್ಪಗೆ ಕಟ್ಟಿಕೊಂಡಿರುತ್ತದೆ; ಮುಟ್ಟಿದರೆ ಬೆರಳಿಗೆ ಜಿಡ್ಡುಜಿಡ್ಡಾಗಿ ಅಂಟುತ್ತದೆ. ಹಿಂಬದಿಯಲ್ಲಿ ಖಾಲಿ ಸ್ಲಾಟುಗಳನ್ನು ಮುಚ್ಚುವ ಪಟ್ಟಿಗಳ ಅಂಚಿಗೆ ತುಕ್ಕು ಹಿಡಿದಿದೆ, ಸ್ಕ್ರೂಗಳ ಸುತ್ತ ಬಿಳಿಯ ಪುಡಿ ಎದ್ದಿದೆ. ಬಂದರಿನಲ್ಲಿ ಇಳಿದು, ರೈಲಿನಲ್ಲಿ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬಳ್ಳಾರಿ ಕಡೆಗೆ ಹೋಗುವ ಕಲ್ಲಿದ್ದಲಿನ ಧೂಳಿನ ವಿಷಯ ಗೋವೆಯವರಿಗೆಲ್ಲ ಗೊತ್ತಿರುವಂಥದ್ದೇ. ಅದರ ಜೊತೆಗೆ ಕಡಲ ಗಾಳಿ ಬೇರೆ.

ಮುಂಭಾಗಕ್ಕೆ ಗಾಜು ಇರುವ ಕ್ಯಾಬಿನೆಟ್ ತೆಗೆದುಕೊಂಡರೆ ಧೂಳು ಕಡಿಮೆ, ಸದ್ದೂ ಕಡಿಮೆ ಎಂದು ಅಂಗಡಿಯವರು ಹೇಳುತ್ತಾರೆ. ಪ್ರೊಸೆಸರಿನ ಶಾಖವನ್ನು ದ್ರವದ ಮೂಲಕ ಸಾಗಿಸಿ 240 ಮಿಲಿಮೀಟರ್ ರೇಡಿಯೇಟರಿನಲ್ಲಿ ತಣಿಸುವ ಲಿಕ್ವಿಡ್ ಕೂಲರನ್ನೂ ಹಾಕಿಸಿಕೊಳ್ಳಿ ಎನ್ನುತ್ತಾರೆ. ನನಗೆ ಮುಂಭಾಗದಲ್ಲಿ ಒಂದು ಡಿವಿಡಿ ಡ್ರೈವ್, ಒಂದು ಕಾರ್ಡ್ ರೀಡರ್, ಸಾಧ್ಯವಾದರೆ ಟೈಪ್-ಸಿ ಪೋರ್ಟ್ ಬೇಕು. ಈಗ ಬರುವ ಕ್ಯಾಬಿನೆಟ್‌ಗಳಲ್ಲಿ ಡಿವಿಡಿ ಡ್ರೈವಿಗೆ ಜಾಗವೇ ಕಾಣುವುದಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಲ್ಯಾಮಿಂಗ್ಟನ್ ರಸ್ತೆಯವನು, ಮುಂಬೈ

ನಮಸ್ಕಾರ ಸರ್. ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸುವುದೇ ನನ್ನ ಉದ್ಯೋಗ. ಕೊಲಾಬಾ, ವರ್ಲಿ, ವರ್ಸೋವಾ ಕಡೆಯ ಕಡಲಿಗೆ ಮುಖ ಮಾಡಿದ ಮನೆಗಳಿಂದ ದುರಸ್ತಿಗೆ ಬರುವ ಯಂತ್ರಗಳಲ್ಲಿ ತಾವು ಹೇಳಿದ ಲಕ್ಷಣಗಳನ್ನೇ ನೋಡುತ್ತಿರುತ್ತೇನೆ.

ಆ ಬಿಳಿಯ ಪುಡಿಯ ಬಗ್ಗೆ ಮೊದಲು ಹೇಳುತ್ತೇನೆ. ಕ್ಯಾಬಿನೆಟ್ಟಿನ ಉಕ್ಕಿನ ತಗಡಿಗೆ ಸಾಮಾನ್ಯವಾಗಿ ಸತುವಿನ ಲೇಪ ಇರುತ್ತದೆ. ಉಪ್ಪುಗಾಳಿಗೆ ಆ ಸತು ತಾನು ಸವೆದು ಬಿಳಿಯ ಪುಡಿಯಾಗುತ್ತದೆ, ಸತು ಮುಗಿದ ಮೇಲೆ ಒಳಗಿನ ಉಕ್ಕು ಕೆಂಪಗೆ ತುಕ್ಕು ಹಿಡಿಯುತ್ತದೆ. ತಗಡನ್ನು ಕತ್ತರಿಸಿದ ಅಂಚುಗಳಲ್ಲಿ ಲೇಪ ಇರುವುದಿಲ್ಲವಾದ್ದರಿಂದ ಅಲ್ಲೇ ತುಕ್ಕು ಮೊದಲು ಕಾಣುತ್ತದೆ. ಹೀಗಾಗಿ ಕೊಳ್ಳುವಾಗ ಒಳಗಿನ ಚೌಕಟ್ಟಿಗೂ ಪೂರ್ತಿ ಬಣ್ಣ ಬಳಿದಿರುವ ಕ್ಯಾಬಿನೆಟ್ಟನ್ನೇ ಆರಿಸಿಕೊಳ್ಳಿ. ಹೊರಗೆ ಕಪ್ಪು ಬಣ್ಣ, ಒಳಗೆ ಬರೀ ತಗಡು ಇರುವ ಅಗ್ಗದ ಮಾಲು ತಮ್ಮ ಊರಿಗೆ ಹೊಂದುವುದಿಲ್ಲ.

ಇನ್ನು ಧೂಳು. ಧೂಳು ಬರೀ ಒಣ ಧೂಳಾಗಿದ್ದರೆ ಫ್ಯಾನು, ಹೀಟ್‌ಸಿಂಕುಗಳು (ಶಾಖ ಹೊರಬಿಡುವ ಲೋಹದ ಹಲಗೆಗಳು) ಕಟ್ಟಿಕೊಳ್ಳುವುದಷ್ಟೇ ತೊಂದರೆ. ಕಡಲತೀರದ ಧೂಳಿನಲ್ಲಿ ಉಪ್ಪಿನ ಕಣಗಳಿರುತ್ತವೆ, ಮತ್ತು ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 75 ದಾಟಿತೆಂದರೆ ಉಪ್ಪು ಗಾಳಿಯಲ್ಲಿರುವ ನೀರನ್ನು ಹೀರಿಕೊಂಡು ತಾನೇ ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒಸರುವ ಹಾಗೆಯೇ ಇದು. ಹೀಗೆ ಮದರ್‌ಬೋರ್ಡಿನ ಮೇಲೆ ಕೂತ ಧೂಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗಿ, ವಿದ್ಯುತ್ತು ಹರಿಯಬಲ್ಲ ಪದರವಾಗುತ್ತದೆ. ಓಡುತ್ತಿರುವ ಯಂತ್ರದ ಒಳಭಾಗ ಕೋಣೆಗಿಂತ ಬಿಸಿಯಾಗಿರುವುದರಿಂದ ಅಲ್ಲಿಯ ಸಾಪೇಕ್ಷ ತೇವಾಂಶ ಕಡಿಮೆ. ನಿಂತ ಯಂತ್ರಕ್ಕೇ ಅಪಾಯ ಹೆಚ್ಚು. ಕೆಲಸವಿಲ್ಲದಿದ್ದರೂ ಮಳೆಗಾಲದಲ್ಲಿ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಯಂತ್ರವನ್ನು ಚಾಲೂ ಮಾಡಿ ಬಿಡಿ.

ಗಾಜಿನ ಮುಂಭಾಗವನ್ನು ನಾನು ಶಿಫಾರಸು ಮಾಡಲಾರೆ. ಗಾಜಿನ ಹಿಂದಿರುವ ಫ್ಯಾನುಗಳು ಪಕ್ಕದ ಸಣ್ಣ ಸೀಳುಗಳಿಂದಲೇ ಗಾಳಿ ಎಳೆಯಬೇಕು. ಗಾಳಿ ಸಾಲದೆ ಅವು ಹೆಚ್ಚು ವೇಗವಾಗಿ ತಿರುಗುತ್ತವೆ, ಕಡಿಮೆಯಾಗಬೇಕಾಗಿದ್ದ ಸದ್ದು ಜಾಸ್ತಿಯೇ ಆಗುತ್ತದೆ. ಎಳೆದ ಗಾಳಿಯ ಜೊತೆ ಧೂಳೂ ಬರುತ್ತದೆ, ಅದನ್ನು ಗಾಜು ತಡೆಯುವುದಿಲ್ಲ. ನುಣ್ಣನೆಯ ಜಾಲರಿಯ ಮುಂಭಾಗ, ಅದರ ಹಿಂದೆ ಬಿಚ್ಚಿ ತೊಳೆಯಬಹುದಾದ ನೈಲಾನ್ ಫಿಲ್ಟರ್, ತಳದಲ್ಲಿ ಎಸ್‌ಎಂಪಿಎಸ್‌ಗೆ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬೇರೆಯೇ ಫಿಲ್ಟರ್ ಇರುವುದನ್ನು ತೆಗೆದುಕೊಳ್ಳಿ. ತಳದ ಫಿಲ್ಟರ್ ಮುಂದಿನಿಂದ ಅಥವಾ ಪಕ್ಕದಿಂದ ಜಾರಿ ಹೊರಬರುವಂತಿರಬೇಕು. ಹಿಂದಿನಿಂದ ಎಳೆಯುವಂತಿದ್ದರೆ ಕ್ಯಾಬಿನೆಟ್ಟನ್ನು ಪ್ರತಿ ಸಲ ಗೋಡೆಯಿಂದ ಸರಿಸಬೇಕಾಗುತ್ತದೆ. ಹಾಗಿದ್ದಾಗ ಯಾರೂ ಅದನ್ನು ತೊಳೆಯುವುದಿಲ್ಲ. ಅಂಗಡಿಯಲ್ಲೇ ಕೈಯಿಂದ ಎಳೆದು ನೋಡಿ ಕೊಳ್ಳಿ.

ಉತ್ತರ: ಚಿಂಚವಡದ ಇಂಜಿನಿಯರ್, ಪುಣೆ

ಮೇಲಿನ ಮಾತುಗಳಿಗೆ ಗಾಳಿಯ ಒತ್ತಡದ ಲೆಕ್ಕವೊಂದನ್ನು ಸೇರಿಸುತ್ತೇನೆ, ಏಕೆಂದರೆ ತಮ್ಮ ಡಿವಿಡಿ ಡ್ರೈವಿನ ಆಯುಸ್ಸು ಅದರ ಮೇಲೆಯೇ ನಿಂತಿದೆ. ಒಳಗೆ ಬರುವ ಗಾಳಿಗಿಂತ ಹೊರಗೆ ತಳ್ಳುವ ಗಾಳಿ ಹೆಚ್ಚಾದರೆ ಕ್ಯಾಬಿನೆಟ್ಟಿನ ಒಳಗಿನ ಒತ್ತಡ ತಗ್ಗುತ್ತದೆ. ಆಗ ಫಿಲ್ಟರ್ ಇಲ್ಲದ ಪ್ರತಿಯೊಂದು ಸಂದಿನಿಂದಲೂ ಗಾಳಿ ಒಳನುಗ್ಗುತ್ತದೆ. ಡಿವಿಡಿ ಡ್ರೈವಿನ ಟ್ರೇ ಸುತ್ತಲಿನ ಸಂದು, ಯುಎಸ್‌ಬಿ ಪೋರ್ಟುಗಳು, ಹಿಂದಿನ ಸ್ಲಾಟ್ ಪಟ್ಟಿಗಳ ತೂತು ಎಲ್ಲವೂ ಧೂಳಿನ ಬಾಗಿಲುಗಳಾಗುತ್ತವೆ, ಲೇಸರ್ ಲೆನ್ಸಿನ ಮೇಲೆ ಧೂಳು ಕೂತು ಹಳೆಯ ಡಿಸ್ಕುಗಳನ್ನು ಡ್ರೈವ್ ಓದದೆ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ ಮುಂದೆ ಎರಡು ಫ್ಯಾನುಗಳು ಎಳೆದು, ಹಿಂದೆ ಒಂದೇ ಫ್ಯಾನು ಅದಕ್ಕಿಂತ ನಿಧಾನವಾಗಿ ಹೊರಹಾಕಿದರೆ ಒಳಗಿನ ಒತ್ತಡ ತುಸು ಹೆಚ್ಚಿರುತ್ತದೆ, ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಈ ಲೆಕ್ಕ ತಲೆಕೆಳಗಾಗುತ್ತದೆ ಎಂಬುದನ್ನು ಮರೆಯಬಾರದು.

ಸದ್ದಿನ ವಿಷಯದಲ್ಲಿ ಫ್ಯಾನಿನ ನಿಯಮಗಳು ತಮ್ಮ ಪರವಾಗಿವೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂಥದೇ ಎರಡನೆಯ ಫ್ಯಾನನ್ನು ಸೇರಿಸಿದರೆ ಗಾಳಿ ಮೊದಲಿನಷ್ಟೇ ಆಗಿ, ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಆದ್ದರಿಂದ ಒಂದು ಫ್ಯಾನನ್ನು ಜೋರಾಗಿ ಓಡಿಸುವ ಬದಲು ದೊಡ್ಡ ಫ್ಯಾನುಗಳನ್ನು ನಿಧಾನವಾಗಿ ಓಡಿಸಿ. ಕ್ಯಾಬಿನೆಟ್ಟಿನಲ್ಲಿ ಜಾಗವಿದ್ದರೆ ಮುಂದೆ 120 ಮಿಲಿಮೀಟರ್ ಬದಲು 140 ಮಿಲಿಮೀಟರ್ ಫ್ಯಾನುಗಳನ್ನೇ ಹಾಕಿ. ಎರಡರ ಸ್ಕ್ರೂ ತೂತುಗಳ ಅಂತರ ಬೇರೆ, 105 ಮತ್ತು 124.5 ಮಿಲಿಮೀಟರ್, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬೋರ್ಡು ವೇಗವನ್ನು ನಿಯಂತ್ರಿಸಬಲ್ಲ ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನುಗಳನ್ನೇ ಆರಿಸಿ, ಮದರ್‌ಬೋರ್ಡಿನ ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಬಿಸಿಗೆ ತಕ್ಕಂತೆ ಏರುವ ವೇಗದ ರೇಖೆಯನ್ನು ಚಪ್ಪಟೆಯಾಗಿಡಿ; ಸದ್ದು ಒಂದೇ ಸಮನಾಗಿದ್ದರೆ ಮುದ್ರಣದಿಂದ ಅದನ್ನು ತೆಗೆಯುವುದು ಸುಲಭ, ಏರಿಳಿಯುವ ಸದ್ದನ್ನು ತೆಗೆಯುವುದು ಬಹಳ ಕಷ್ಟ.

ಲಿಕ್ವಿಡ್ ಕೂಲರ್ ತಮಗೆ ಬೇಡವೇ ಬೇಡ. ತಮ್ಮ ಪ್ರೊಸೆಸರಿನ ಟಿಡಿಪಿ, ಅಂದರೆ ಕೂಲರ್ ಆರಿಸಲು ತಯಾರಕರು ಕೊಡುವ ಶಾಖದ ಅಂಕಿ, 65 ವಾಟ್, ಪೂರ್ತಿ ದುಡಿದರೂ ಅದಕ್ಕೆ ಹಾಕಿರುವ ವಿದ್ಯುತ್ ಮಿತಿ 88 ವಾಟ್. ಇಷ್ಟು ಶಾಖಕ್ಕೆ 120 ಮಿಲಿಮೀಟರ್ ಫ್ಯಾನಿನ, ನಾಲ್ಕು ಹೀಟ್‌ಪೈಪುಗಳ (ಶಾಖ ಸಾಗಿಸುವ ಕೊಳವೆಗಳು) ಟವರ್ ಕೂಲರ್, ಅಂದರೆ ಗೋಪುರದಂತೆ ನಿಲ್ಲುವ ಗಾಳಿ ಕೂಲರ್, ಧಾರಾಳವಾಗಿ ಸಾಕು. ಲಿಕ್ವಿಡ್ ಕೂಲರಿನ ಪಂಪು ಸದಾ ತಿರುಗುತ್ತಲೇ ಇರುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವ ಮೌನದಲ್ಲಿ ಅದರ ಸಣ್ಣ ಗುಂಯ್‌ಗುಟ್ಟುವಿಕೆ ಮೈಕಿಗೆ ಸಿಗಬಹುದು. ಪಂಪು ಕೆಟ್ಟ ದಿನ ಯಂತ್ರವೇ ನಿಲ್ಲುತ್ತದೆ. ಟವರ್ ಕೂಲರಿನ ಫ್ಯಾನು ಕೆಟ್ಟರೆ ಬೇರೆ ಫ್ಯಾನು ಸಿಕ್ಕಿಸಿದರಾಯಿತು. ಒಂದು ಎಚ್ಚರಿಕೆ: 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರುಗಳ ಎತ್ತರ ಸಾಮಾನ್ಯವಾಗಿ 155ರಿಂದ 160 ಮಿಲಿಮೀಟರ್ ಇರುತ್ತದೆ. ನೋಕ್ಟುವಾದ ಎನ್‌ಎಚ್-ಯು12ಎಸ್ 158, ಡೀಪ್‌ಕೂಲ್‌ನ ಎಕೆ400 155. ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರಿಗೆ ಜಾಗ ಕೊಡುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಉತ್ತರ: ಡೊಂಬಿವಲಿ ಪೂರ್ವ

ಮುಂಭಾಗದ ಸಲಕರಣೆಗಳ ಬಗ್ಗೆ ನಾಲ್ಕು ಮಾತು. ಡಿವಿಡಿ ಡ್ರೈವಿಗೆ ಬೇಕಾದ 5.25 ಇಂಚಿನ ಖಾನೆ ಈಗ ಅಪರೂಪವಾದರೂ ಪೂರ್ತಿ ಮರೆಯಾಗಿಲ್ಲ. ಫ್ರ್ಯಾಕ್ಟಲ್ ಡಿಸೈನ್‌ನ ಪಾಪ್ ಏರ್ ಸರಣಿಯಲ್ಲಿ ಜಾಲರಿಯ ಮುಂಭಾಗವೂ ಇದೆ, ಕೆಳಗಡೆ ಮುಚ್ಚಳದ ಹಿಂದೆ ಎರಡು ಖಾನೆಗಳೂ ಇವೆ; ಬಳಸದಿದ್ದಾಗ ಮುಚ್ಚಿಡಬಹುದಾದ್ದರಿಂದ ತಮ್ಮ ಊರಿನ ಧೂಳಿಗೆ ಈ ಏರ್ಪಾಡು ಚೆನ್ನಾಗಿ ಹೊಂದುತ್ತದೆ. ಅದು ಸಿಗದಿದ್ದರೆ ಯುಎಸ್‌ಬಿಯ ಹೊರಗಿನ ಡ್ರೈವ್ ಕೊಂಡು, ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಮುಚ್ಚಿಡುವುದೂ ಒಳ್ಳೆಯ ದಾರಿಯೇ. ವೇಗ ತುಸು ಕಡಿಮೆ, ಆದರೆ ಗೀಚು ಬಿದ್ದ ಹಳೆಯ ಡಿಸ್ಕನ್ನು ನಿಧಾನವಾಗಿಯೇ ಓದಿಸಬೇಕಾಗುತ್ತದೆ.

ಟೈಪ್-ಸಿ ಪೋರ್ಟಿನ ವಿಷಯದಲ್ಲಿ ಬಹಳ ಜನ ನಿರಾಶರಾಗುತ್ತಾರೆ. ಕ್ಯಾಬಿನೆಟ್ಟಿನ ಮುಂದೆ ಪೋರ್ಟ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. ಅದರ ಕೇಬಲ್ಲಿಗೆ ಮದರ್‌ಬೋರ್ಡಿನಲ್ಲಿ ಪ್ರತ್ಯೇಕವಾದ ಸಣ್ಣ ಟೈಪ್-ಇ ಹೆಡರ್ (ಕೇಬಲ್ ಸಿಕ್ಕಿಸುವ ಗೂಡು) ಇರಬೇಕು. ಮಾಮೂಲಿ ಯುಎಸ್‌ಬಿ 3 ಪೋರ್ಟುಗಳಿಗೆ ಹೋಗುವ 19 ಪಿನ್ನಿನ ದೊಡ್ಡ ಹೆಡರ್ ಬೇರೆ. ತಮ್ಮ ಬೋರ್ಡಿನ ಕೈಪಿಡಿಯಲ್ಲಿ ಎರಡೂ ಇವೆಯೇ ನೋಡಿ. ಆ ದೊಡ್ಡ ಕೇಬಲ್ ದಪ್ಪ, ಬಿರುಸು. ಜೋಡಿಸುವಾಗ ಓರೆಯಾಗಿ ಎಳೆದರೆ ಹೆಡರಿನ ಪ್ಲಾಸ್ಟಿಕ್ ಗೂಡೇ ಕಿತ್ತು ಬರುತ್ತದೆ, ಇಲ್ಲವೇ ಪಿನ್ನು ಬಾಗುತ್ತದೆ. ಬುಡದಲ್ಲಿ ಹಿಡಿದು ನೇರವಾಗಿ ಒತ್ತಬೇಕು.

ಕಾರ್ಡ್ ರೀಡರುಗಳಲ್ಲಿ ಹಲವು ಒಳಗಿನ ಯುಎಸ್‌ಬಿ 2 ಹೆಡರಿಗೆ ಜೋಡಣೆಯಾಗುತ್ತವೆ. ಅದರ ವೇಗ 480 ಮೆಗಾಬಿಟ್, ಅಂದರೆ ಲೆಕ್ಕದ ಪ್ರಕಾರವೇ ಸೆಕೆಂಡಿಗೆ 60 ಮೆಗಾಬೈಟ್ ಮೀರುವುದಿಲ್ಲ. ಯುಎಚ್‌ಎಸ್-1 ದರ್ಜೆಯ ಎಸ್‌ಡಿ ಕಾರ್ಡಿನ ಮಿತಿ ಸೆಕೆಂಡಿಗೆ 104 ಮೆಗಾಬೈಟ್. ಧ್ವನಿಯ ಕಡತಗಳಿಗೆ ಯುಎಸ್‌ಬಿ 2 ಸಾಕು, ವಿಡಿಯೊ ತುಂಬಿದ ಕಾರ್ಡುಗಳಿದ್ದರೆ ಯುಎಸ್‌ಬಿ 3ರದ್ದೇ ಬೇಕು. ಇನ್ನು ಮುಂಭಾಗದ ಮೈಕ್ ಪೋರ್ಟನ್ನು ಮುದ್ರಣಕ್ಕೆ ಬಳಸಬೇಡಿ. ಅದರ ತಂತಿ ಮದರ್‌ಬೋರ್ಡಿನ ಬುಡದುದ್ದಕ್ಕೂ ಹಾಯ್ದು ಬರುವಾಗ ಅಕ್ಕಪಕ್ಕದ ವಿದ್ಯುತ್ ಗದ್ದಲವನ್ನೆಲ್ಲ ಹೊತ್ತು ತರುತ್ತದೆ. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಪೆಟ್ಟಿಗೆ) ಕೊಂಡು ಹಿಂಬದಿಯ ಪೋರ್ಟಿಗೆ ಸಿಕ್ಕಿಸಿ. ವೈರ್‌ಲೆಸ್ ಮೌಸಿನ ರಿಸೀವರನ್ನು ಯುಎಸ್‌ಬಿ 3 ಪೋರ್ಟಿನ ಪಕ್ಕದಲ್ಲಿ ಇಡಬೇಡಿ. ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್ ಸಂಕೇತವನ್ನು ಕೆಡಿಸುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದೆ.

ಮರುಪ್ರಶ್ನೆ: ಸಡಾ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗಾಜು, ಲಿಕ್ವಿಡ್ ಕೂಲರ್ ಎರಡನ್ನೂ ಕೈಬಿಟ್ಟಿದ್ದೇನೆ. ಕೈಪಿಡಿ ತೆಗೆದು ನೋಡಿದೆ, ಬೋರ್ಡಿನಲ್ಲಿ ಟೈಪ್-ಇ ಹೆಡರ್ ಇದೆ. ಎರಡು ಸಂದೇಹಗಳು ಉಳಿದಿವೆ. ಪೋರ್ಟುಗಳು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಬಂದರೆ ಧೂಳು ನೇರವಾಗಿ ಅವುಗಳೊಳಗೆ ಬೀಳುವುದಿಲ್ಲವೇ? ಫಿಲ್ಟರನ್ನು ನೀರಿನಲ್ಲಿ ತೊಳೆಯಬಹುದೇ, ಅಥವಾ ಒಣ ಬ್ರಷ್ಷಿನಿಂದಷ್ಟೇ ಉಜ್ಜಬೇಕೇ?

ಉತ್ತರ: ಲ್ಯಾಮಿಂಗ್ಟನ್ ರಸ್ತೆಯವನು, ಮುಂಬೈ

ಬೀಳುತ್ತದೆ ಸರ್. ಪೋರ್ಟುಗಳು ಮುಂದಕ್ಕೆ ಮುಖ ಮಾಡಿರುವ ಕ್ಯಾಬಿನೆಟ್ ಸಿಕ್ಕರೆ ಉತ್ತಮ. ನೆತ್ತಿಯ ಮೇಲೆಯೇ ಇದ್ದರೆ ಪೋರ್ಟುಗಳಿಗೆ ಸಿಕ್ಕಿಸುವ ರಬ್ಬರ್ ಬಿರಡೆಗಳು ಅಗ್ಗಕ್ಕೆ ಸಿಗುತ್ತವೆ, ಮರೆಯದೆ ಹಾಕಿ. ನೆತ್ತಿಯಲ್ಲಿ ಗಾಳಿಕಿಂಡಿ ಇದ್ದು ಅಲ್ಲಿ ಫ್ಯಾನು ಹಾಕದಿದ್ದರೆ ಅದರ ಮೇಲೂ ಅಯಸ್ಕಾಂತದ ಫಿಲ್ಟರ್ ಇರಲಿ, ಯಂತ್ರ ನಿಂತಿರುವಾಗ ಧೂಳು ಇಳಿಯುವುದು ಅಲ್ಲಿಂದಲೇ.

ನೈಲಾನ್ ಫಿಲ್ಟರನ್ನು ಧಾರಾಳವಾಗಿ ತೊಳೆಯಿರಿ. ತಾವು ಹೇಳಿದ ಜಿಡ್ಡು ಒಣ ಬ್ರಷ್ಷಿಗೆ ಬಿಡುವುದಿಲ್ಲ, ಉಪ್ಪಂತೂ ನೀರಿಗೇ ಬಿಡಬೇಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ತುಸು ಹಾಕಿ, ಧೂಳು ಕೂತ ಮಗ್ಗುಲಿಗೆ ಎದುರಾಗಿ ಹಿಂದಿನಿಂದ ನೀರು ಹಾಯಿಸಿ. ಮಳೆಗಾಲದಲ್ಲಿ ಅದು ಬೇಗ ಒಣಗುವುದಿಲ್ಲ; ಒದ್ದೆಯಿರುವಾಗಲೇ ಹಾಕಿದರೆ ಫ್ಯಾನು ಆ ತೇವವನ್ನು ನೇರವಾಗಿ ಬೋರ್ಡಿನ ಕಡೆಗೆ ಎಳೆಯುತ್ತದೆ. ಸಾಧ್ಯವಾದರೆ ಇನ್ನೊಂದು ಜೊತೆ ಫಿಲ್ಟರ್ ಕೊಂಡಿಟ್ಟುಕೊಂಡು, ಒಂದು ಒಣಗುವಾಗ ಇನ್ನೊಂದನ್ನು ಬಳಸಿ. ಒಳಗನ್ನು ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಊದುವ ಕೆಲಸವನ್ನು ಕೋಣೆಯಿಂದ ಹೊರಗೆ, ಪ್ಲಗ್ ತೆಗೆದಿಟ್ಟೇ ಮಾಡಿ.