ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ, ಮೊಟ್ಟೆ ಸಿಪ್ಪೆ ಹಾಕಿಯೂ ಆಯಿತು

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಮಹಡಿ ಮೇಲೆ ಕುಂಡದಲ್ಲಿ ಆರು ಟೊಮೆಟೊ ಗಿಡ ಬೆಳೆಸಿದ್ದೇನೆ. ಎದೆಯೆತ್ತರ ಬಂದಿವೆ. ಎಲೆ ಕಡುಹಸಿರು. ನೋಡಿದವರೆಲ್ಲ ಹೊಗಳಿ ಹೋಗುತ್ತಾರೆ. ಕಾಯಿ ಮಾತ್ರ ಒಂದೂ ಹಣ್ಣಾಗುತ್ತಿಲ್ಲ.

ನಿಂಬೆ ಗಾತ್ರಕ್ಕೆ ಬರುವ ಹೊತ್ತಿಗೆ ಕಾಯಿಯ ತಳದಲ್ಲಿ, ತೊಟ್ಟಿಗೆ ಎದುರಿನ ತುದಿಯಲ್ಲಿ, ನೀರು ತಾಗಿದಂತೆ ಒಂದು ಮಚ್ಚೆ ಕಾಣುತ್ತದೆ. ನಾಲ್ಕೈದು ದಿನದಲ್ಲಿ ಅದು ಕಂದಾಗಿ, ಆಮೇಲೆ ಕಪ್ಪಾಗಿ, ಹಳೇ ಚಪ್ಪಲಿಯ ಚರ್ಮದ ಹಾಗೆ ಗಟ್ಟಿಯಾಗಿ ಒಳಕ್ಕೆ ಕುಸಿಯುತ್ತದೆ. ಹುಳ ಇಲ್ಲ, ತೂತೂ ಇಲ್ಲ. ಇದುವರೆಗೆ ಹದಿನೇಳು ಕಾಯಿ ಕಿತ್ತೆಸೆದಿದ್ದೇನೆ.

ಕುಂಡ 12 ಇಂಚಿನದು. ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಉಳಿದರ್ಧದಲ್ಲಿ ಮಣ್ಣು ಮತ್ತು ಎರೆಗೊಬ್ಬರ. ದಿನಾ ಬೆಳಿಗ್ಗೆ ಗಿಡಕ್ಕೊಂದು ಚೊಂಬು ನೀರು. ನಾಲ್ಕು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು. ಕ್ಯಾಲ್ಸಿಯಂ ಕಮ್ಮಿ ಎಂದು ಯಾರೋ ಹೇಳಿದ್ದರಿಂದ ಮೂರು ವಾರದ ಹಿಂದೆ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದೆ. ಏನೂ ವ್ಯತ್ಯಾಸ ಇಲ್ಲ. ಈಗ ಎಪ್ಸಮ್ ಉಪ್ಪು ಹಾಕಲಾ?

ಬಾಳೆಗೊನೆ:
ನೂರಕ್ಕೆ ನೂರು ಕ್ಯಾಲ್ಸಿಯಂ ಕೊರತೆ. ಸಿಪ್ಪೆ ಸಾಲದು, ಸುಣ್ಣದ ತಿಳಿನೀರು ಹಾಕಿ. ಎಪ್ಸಮ್ ಕೂಡ ಒಂದು ಚಮಚ ಹಾಕಿ ನೋಡಿ, ನಷ್ಟವಂತೂ ಇಲ್ಲ.

ಎರೆಹುಳ:
ಸಂಜೆಮಲ್ಲಿಗೆ ಅವರೇ, ಸ್ವಲ್ಪ ತಡೆಯಿರಿ. ಸುಣ್ಣವೂ ಬೇಡ, ಎಪ್ಸಮ್ ಅಂತೂ ಬೇಡವೇ ಬೇಡ. ಎಪ್ಸಮ್ ಅಂದರೆ ಮೆಗ್ನೀಶಿಯಂ. ಬೇರು ಕ್ಯಾಲ್ಸಿಯಂ ಎಳೆದುಕೊಳ್ಳುವ ಜಾಗದಲ್ಲಿ ಅದು ಬಂದು ಪೈಪೋಟಿಗೆ ನಿಲ್ಲುತ್ತದೆ. ನಷ್ಟವಿಲ್ಲ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇದು ರೋಗ ಅಲ್ಲ, ಒಂದು ಗಿಡದಿಂದ ಇನ್ನೊಂದಕ್ಕೆ ಹರಡುವುದಿಲ್ಲ. ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೀಗಾಗುವುದು ನಿಜ. ಹಾಗಂತ ಮಣ್ಣಿನಲ್ಲೇ ಇಲ್ಲ ಎಂದು ಅರ್ಥವಲ್ಲ. ಬಹಳ ಸಲ ಮಣ್ಣಿನಲ್ಲಿ ಇರುತ್ತದೆ, ಕಾಯಿಯ ತುದಿವರೆಗೆ ತಲುಪಿರುವುದಿಲ್ಲ. ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆಗೇ ಮೇಲೇರಬೇಕು. ನೀರು ಜಾಸ್ತಿ ಹೋಗುವುದು ಎಲೆಗೆ, ಯಾಕೆಂದರೆ ಆವಿಯಾಗುವುದು ಅಲ್ಲಿಂದ. ಕಾಯಿಯಿಂದ ಆವಿ ಹೋಗುವುದು ತೀರಾ ಕಡಿಮೆ, ಆದ್ದರಿಂದ ಅದರ ಪಾಲಿಗೆ ಬರುವ ನೀರೂ ಕಡಿಮೆ. ದಿನದಲ್ಲಿ ಕೆಲವು ಗಂಟೆ ಬೇರು ಒಣಗಿತು ಎಂದರೆ ಮೊದಲು ಪೆಟ್ಟು ಬೀಳುವುದು ಕಾಯಿಯ ತುದಿಗೇ. ಎಲೆಗೆ ಒಮ್ಮೆ ಸೇರಿದ ಕ್ಯಾಲ್ಸಿಯಂ ವಾಪಸ್ ಕಾಯಿಗೆ ಇಳಿಯುವುದಿಲ್ಲ. ನಿಮ್ಮ ಎಲೆ ಹಸಿರಾಗಿದ್ದೂ ಕಾಯಿ ಕೊಳೆಯುತ್ತಿರುವುದು ಅದಕ್ಕೇ.

ಹಾಗಾಗಿ ಈಗ ಏನನ್ನೂ ಹಾಕಬೇಡಿ, ಸುಮ್ನೆ ಮೂರು ವಿಷಯ ನೋಡಿ ಹೇಳಿ. ಮಧ್ಯಾಹ್ನ ಮೂರು ಗಂಟೆಗೆ ಕುಂಡವನ್ನು ಓರೆ ಮಾಡಿ ಎತ್ತಿ ನೋಡಿ, ಭಾರವೋ ಹಗುರವೋ? ಬೆಳಿಗ್ಗೆ ಒಂದು ಚೊಂಬು ಹಾಕಿದಾಗ ತಳದಿಂದ ನೀರು ಎಷ್ಟು ಬೇಗ ಬರುತ್ತದೆ? ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬಿರುಕು ಇದೆಯಾ?

ಸಂಜೆಮಲ್ಲಿಗೆ:
ನೋಡಿದೆ. ಮೂರು ಗಂಟೆಗೆ ಕುಂಡವನ್ನು ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ! ನೀರು ಹಾಕಿ ಹತ್ತು ಎಣಿಸುವಷ್ಟರಲ್ಲಿ ತಳದಿಂದ ಸುರಿಯುತ್ತದೆ. ನೀರು ಚೆನ್ನಾಗಿ ಬಸಿಯುತ್ತಿದೆ ಎಂದು ಇಷ್ಟು ದಿನ ಖುಷಿಯಲ್ಲಿದ್ದೆ. ಗೋಡೆಯ ಸುತ್ತ ಬೆರಳು ಹೋಗುವಷ್ಟಲ್ಲದಿದ್ದರೂ ತೆಳ್ಳಗೆ ಬಿರುಕು ಇದೆ.

ಕುತೂಹಲ ತಡೆಯಲಾಗದೆ ಅತಿ ಸೊರಗಿದ್ದ ಒಂದು ಗಿಡವನ್ನು ಮಣ್ಣುಂಡೆ ಸಮೇತ ಹೊರಗೆ ಎಳೆದು ಚಾಕುವಿನಲ್ಲಿ ಸೀಳಿದೆ. ನೀರು ಹಾಕಿ ಒಂದು ಗಂಟೆಯೂ ಆಗಿರಲಿಲ್ಲ. ಹೊರಗಿನ ಒಂದು ಬೆರಳು ದಪ್ಪ ಒದ್ದೆ. ನಡುವೆ ಮುಷ್ಟಿ ಗಾತ್ರದಷ್ಟು ಜಾಗದಲ್ಲಿ ಒಣ ಪುಡಿ, ಊದಿದರೆ ಹಾರುವಂಥದ್ದು. ಬೇರುಗಳೆಲ್ಲ ಗೋಡೆಗೆ ಅಂಟಿಕೊಂಡು ಸುತ್ತಿವೆ.

ಕೆಂಪುದಾಸವಾಳ:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮೆಣಸಿನ ಗಿಡದ ಎಲೆ ಮುದುಡಿದೆ. ಅದೂ ನೀರಿನದೇ ತೊಂದರೆಯಾ?

ಎರೆಹುಳ:
ಇರಲಿಕ್ಕಿಲ್ಲ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ಹುಳ. ಕೆಳಕ್ಕೆ ಮಡಚಿ ಬೋರಲು ದೋಣಿಯಂತಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಕುಡಿಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಹಳದಿ ಬಣ್ಣದ ಸಣ್ಣ ಗೀಟಿನಂಥ ಹುಳ ಓಡಿದರೆ ಥ್ರಿಪ್ಸ್. ನುಸಿ ಬರಿಗಣ್ಣಿಗೆ ಕಾಣುವುದು ಕಷ್ಟ. ಥ್ರಿಪ್ಸ್ ಆದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಎಲೆಯ ಅಡಿಗೆ ಹೊಡೆಯಿರಿ. ನುಸಿಗೆ ನೀರಿನಲ್ಲಿ ಬೆರೆಯುವ ಗಂಧಕ ಒಳ್ಳೆಯದು. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ, ಮರೆಯಬೇಡಿ. ಉಳಿದದ್ದಕ್ಕೆ ಫೋಟೋ ಹಾಕಿ ಬೇರೆ ಚರ್ಚೆ ಶುರು ಮಾಡಿ.

ಸಂಜೆಮಲ್ಲಿಗೆ ಅವರೇ, ಗಿಡ ಸೀಳಿ ನೋಡಿದ್ದೇ ದೊಡ್ಡ ಕೆಲಸ. ಕಾರಣ ಕಣ್ಣೆದುರೇ ಸಿಕ್ಕಿತು. ಒಮ್ಮೆ ಪೂರ್ತಿ ಒಣಗಿದ ಮಣ್ಣುಂಡೆ ಕುಗ್ಗಿ ಗೋಡೆ ಬಿಡುತ್ತದೆ. ಆಮೇಲೆ ನೀವು ಎಷ್ಟು ಸುರಿದರೂ ನೀರು ಆ ಸಂದಿಯಲ್ಲೇ ಜಾರಿ ತಳಕ್ಕೆ ಹೋಗುತ್ತದೆ. ಎದೆಯೆತ್ತರದ ಗಿಡಕ್ಕೆ ಬಿಸಿಲು ದಿನಗಳಲ್ಲಿ ಒಂದು ಚೊಂಬು ಹೇಗೂ ಸಾಲದು, ಅದರಲ್ಲಿ ಅರ್ಧ ಹೊರಗೇ ಹೋದರೆ?

ಮೊದಲು ಕುಂಡವನ್ನು ಒಂದು ಟಬ್ಬಿನಲ್ಲಿ ಕೂರಿಸಿ, ಕುಂಡದ ಅರ್ಧದವರೆಗೆ ನೀರು ತುಂಬಿ. ಮಣ್ಣಿನಿಂದ ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಮೇಲ್ಮಣ್ಣು ಒದ್ದೆಯಾದ ಕೂಡಲೇ ಹೊರಗೆ ತೆಗೆಯಿರಿ. ಸುಮಾರು ಅರ್ಧ ಗಂಟೆ ಸಾಕು, ರಾತ್ರಿಯಿಡೀ ಬಿಟ್ಟರೆ ಬೇರು ಉಸಿರುಗಟ್ಟುತ್ತದೆ. ಆಮೇಲೆ ಗೋಡೆಯ ಸಂದಿಗೆ ಹೊಸ ಮಣ್ಣು ತುಂಬಿ ಬೆರಳಿನಿಂದ ಒತ್ತಿ.

ಇನ್ನು ಮುಂದೆ ನೀರನ್ನು ಎರಡು ಕಂತಿನಲ್ಲಿ ಕೊಡಿ. ಅರ್ಧ ಚೊಂಬು ಹಾಕಿ, ಬೇರೆ ಗಿಡಗಳ ಕಡೆ ಹೋಗಿ ಬನ್ನಿ, ಹತ್ತು ನಿಮಿಷ ಬಿಟ್ಟು ಉಳಿದದ್ದು ಹಾಕಿ. ಮೊದಲ ಕಂತು ಮಣ್ಣನ್ನು ಮೆತ್ತಗೆ ಮಾಡಿದರೆ ಎರಡನೆಯದು ಒಳಗೆ ಇಳಿಯುತ್ತದೆ. ಸಂಜೆ ಎರಡು ಇಂಚು ಆಳಕ್ಕೆ ಬೆರಳು ಇಳಿಸಿ, ಒಣಗಿದ್ದರೆ ಮತ್ತೆ ಕೊಡಿ. ತಂಪಾಗಿದ್ದರೆ ಬೇಡ. ಸದಾ ಕೆಸರಾಗಿದ್ದರೂ ಬೇರು ಸೋತು ಇದೇ ತೊಂದರೆ ಬರುತ್ತದೆ. ಮೇಲೆ ಎರಡು ಇಂಚು ಒಣ ಎಲೆ ಹೊದಿಸಿ. ಕುಂಡದ ಮೈಗೆ ನೆರಳಾಗುವಂತೆ ಗೋಣಿ ಸುತ್ತಿ. ಗಿಡಕ್ಕೆ ಬಿಸಿಲು ಬೇಕು, ಕುಂಡಕ್ಕೆ ಬೇಡ.

ಹಿಂಡಿ ನೀರು ಪೂರ್ತಿ ನಿಲ್ಲಿಸಿ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 7% ಸಾರಜನಕ ಇದೆ. ನಾಲ್ಕು ದಿನಕ್ಕೊಮ್ಮೆ ಕೊಟ್ಟು ನೀವು ಎಲೆ ಬೆಳೆಸುತ್ತಿದ್ದೀರಿ. ಎಲೆ ಜಾಸ್ತಿಯಾದಷ್ಟೂ ಕಾಯಿಯ ನೀರಿನ ಪಾಲು ಅದಕ್ಕೇ ಹೋಗುತ್ತದೆ. ಹೊಗಳಿದವರ ದೃಷ್ಟಿ ತಾಗಿತು ಎಂದುಕೊಂಡಿರಬಹುದು, ತಾಗಿದ್ದು ಹಿಂಡಿ.

ಇನ್ನೊಂದು ಮಾತು. ತೊಳೆದು ಹದ ಮಾಡದ ಕೋಕೋಪೀಟ್ ತನ್ನಲ್ಲಿರುವ ಪೊಟ್ಯಾಶ್ ಬಿಟ್ಟುಕೊಟ್ಟು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮಲ್ಲಿ ಅದು ಅರ್ಧ ಪಾಲಿದೆ. ನೀರು ಸರಿಮಾಡಿ ಮೂರು ವಾರ ನೋಡಿ. ಆಗಲೂ ಹೊಸ ಕಾಯಿ ಕಪ್ಪಾದರೆ ಮಾತ್ರ ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಹತ್ತು ದಿನಕ್ಕೊಮ್ಮೆ ಬೇರಿಗೆ ಕೊಡಿ.

ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಈಗ ಗೋಲಿ ಗಾತ್ರದಲ್ಲಿರುವ ಕೆಲವು ಕೂಡ ಕೈಕೊಡಬಹುದು, ಗಾಬರಿ ಬೇಡ. ಕಾಯಿ ಕಟ್ಟಿದ ಮೊದಲ ಎರಡು ವಾರದಲ್ಲೇ ಅವುಗಳ ಹಣೆಬರಹ ತೀರ್ಮಾನವಾಗಿರುತ್ತದೆ. ಇಂದಿನಿಂದ ಕಟ್ಟುವ ಕಾಯಿಗಳನ್ನು ಲೆಕ್ಕಕ್ಕಿಡಿ.

ಬಾಳೆಗೊನೆ:
ಎಲ್ಲ ಸರಿ ಸರ್, ಆದರೆ ಕಳೆದ ವರ್ಷ ನನ್ನ ಗಿಡಕ್ಕೆ ಇದೇ ಬಂದಿತ್ತು. ಮೊಟ್ಟೆ ಸಿಪ್ಪೆ ಹಾಕಿದೆ, ಒಂದು ತಿಂಗಳಲ್ಲಿ ಹೋಯಿತು. ಕಣ್ಣಾರೆ ಕಂಡದ್ದು.

ಎರೆಹುಳ:
ಹೋಗಿದ್ದು ಸುಳ್ಳಲ್ಲ. ಈ ತೊಂದರೆ ಜಾಸ್ತಿ ಕಾಣುವುದು ಮೊದಲ ಗೊಂಚಲುಗಳಲ್ಲೇ. ಗಿಡ ಭರದಿಂದ ಎಲೆ ಬಿಡುತ್ತಿರುತ್ತದೆ, ಬೇರು ಇನ್ನೂ ಚಿಕ್ಕದು. ಬೇರು ಹರಡಿದ ಮೇಲೆ ಎಷ್ಟೋ ಗಿಡಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ನಾವು ಸಿಪ್ಪೆಯನ್ನೋ ಸುಣ್ಣವನ್ನೋ ಹಾಕಿರುತ್ತೇವೆ, ಹೆಸರು ಅದಕ್ಕೆ ಹೋಗುತ್ತದೆ. ಹುಳಿ ಅಂಶ ಇಲ್ಲದ ಮಣ್ಣಿನಲ್ಲಿ ಸಿಪ್ಪೆಯ ಚೂರು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಹಳೇ ಕುಂಡ ಕೆದಕಿ ನೋಡಿ, ನಿಮ್ಮ ಸಿಪ್ಪೆ ಸಿಕ್ಕರೂ ಸಿಗಬಹುದು.

ಬಾಳೆಗೊನೆ:
ಕೆದಕಿದೆ. ಸಿಕ್ಕಿತು 😄 ಒಂದು ಚೂರಂತೂ ಹಾಕಿದ ಹಾಗೇ ಇದೆ.

ಸಂಜೆಮಲ್ಲಿಗೆ:
ಇಪ್ಪತ್ತಾರು ದಿನದ ಮೇಲೆ ಬಂದಿದ್ದೇನೆ. ಉಳಿದ ಐದು ಗಿಡಗಳ ಪೈಕಿ ನಾಲ್ಕರಲ್ಲಿ ಹೊಸ ಕಾಯಿ ತಳದವರೆಗೂ ನುಣ್ಣಗಿವೆ. ಮೊದಲ ಹಣ್ಣು ನಿನ್ನೆ ಕಿತ್ತೆ. ಹಿಂಡಿ ಬಿಟ್ಟ ಮೇಲೆ ಪಕ್ಕದ ಕುಂಡದ ಚೆಂಡುಹೂವಿನ ಗಿಡವೂ ಮೊಗ್ಗು ಬಿಟ್ಟಿದೆ, ಎರಡು ತಿಂಗಳಿಂದ ಬರೀ ಎಲೆ ಬಿಡುತ್ತಿತ್ತು.

ಎರಡು ಪ್ರಶ್ನೆ ಉಳಿದಿವೆ. ಐದನೇ ಗಿಡದ ಕಾಯಿ ಇನ್ನೂ ಕಪ್ಪಾಗುತ್ತಿದೆ, ಅದು ಉದ್ದ ಕಾಯಿಯ ತಳಿ. ಮತ್ತೆ ಈ ವಾರ ಎಲ್ಲ ಗಿಡಗಳಲ್ಲೂ ಹೂ ಉದುರುತ್ತಿದೆ. ತೊಟ್ಟಿನ ಗೆಣ್ಣಿನ ಹತ್ತಿರ ಹಳದಿಯಾಗಿ ಕಳಚಿಕೊಳ್ಳುತ್ತದೆ.

ಎರೆಹುಳ:
ಹೂ ಉದುರುವುದು ಸೆಕೆಗೆ. ಹಗಲು 35 ಡಿಗ್ರಿ ದಾಟಿದರೆ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ನಡುಮಧ್ಯಾಹ್ನ ಮಾತ್ರ ತೆಳು ನೆರಳು ಬಲೆ ಕಟ್ಟಿ. ಬೆಳಿಗ್ಗೆ ಹೂಗೊಂಚಲಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಮೆಟೊ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಅಲುಗಾಡಿಸಿದರೆ ಸಾಕು. ಸೆಕೆ ಇಳಿದ ಮೇಲೆ ಮತ್ತೆ ಕಾಯಿ ಕಚ್ಚುತ್ತದೆ.

ಉದ್ದ ಕಾಯಿಯ ತಳಿಗಳಿಗೆ ಈ ತೊಂದರೆ ಮೊದಲಿನಿಂದಲೂ ಜಾಸ್ತಿ. ಮುಂದಿನ ಸಲ ಅದಕ್ಕೆ 20 ಲೀಟರಿಗಿಂತ ದೊಡ್ಡ ಕುಂಡ ಕೊಡಿ. ಆದರೂ ಒಂದು ಅನುಮಾನ. ಆ ಕುಂಡವನ್ನೂ ಟಬ್ಬಿನಲ್ಲಿ ಕೂರಿಸಿದ್ದಿರಿ ಅಲ್ವಾ?

ಸಂಜೆಮಲ್ಲಿಗೆ:
ಇಲ್ಲ. ಅದು ಮೂಲೆಯಲ್ಲಿ, ಕೋಲುಗಳಿಗೆ ಕಟ್ಟಿದ್ದರಿಂದ ಎತ್ತಲು ಸೋಮಾರಿತನ ಮಾಡಿ ಮೇಲಿಂದಲೇ ನೀರು ಹಾಕುತ್ತಾ ಬಂದೆ. ಇದೀಗ ಕಟ್ಟು ಬಿಚ್ಚಿ ಟಬ್ಬಿಗೆ ಇಳಿಸಿದ್ದೇನೆ. ಇಪ್ಪತ್ತು ನಿಮಿಷ ಆಯಿತು, ಗುಳ್ಳೆ ಇನ್ನೂ ಬರುತ್ತಲೇ ಇದೆ.